ಹೊಳೆಯಾಚೆಯ ವಿಮಾನ ನಿಲ್ದಾಣ

೨೦೦೬ರ ಏಪ್ರಿಲ್ ೧೭, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹೊನ್ನಾವರದ ಬಂದರಿನ ಕಟ್ಟೆಯ ಮೇಲೆ ನಿಂತಿದ್ದ ಧನ್ಯಾಳಿಗೆ ಮುಂಬಯಿಯಿಂದ ಫೋನು ಬಂತು. ಹೊಳೆಯ ನಡುಗಡ್ಡೆ ಮಾವಿನಕುರ್ವೆಯ ಅವಳ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಹತ್ತರಿಂದ ಹನ್ನೊಂದರ ನಡುವೆ ಕರೆ ಮಾಡುತ್ತೇವೆ ಎಂದು ಮೊದಲೇ ತಿಳಿಸಿದ್ದರಿಂದ ಅವಳು ಒಂಬತ್ತೂವರೆಗೇ ಅಪ್ಪನ ದೋಣಿಯಲ್ಲಿ ಹೊಳೆ ದಾಟಿ ಬಂದು, ನೋಟುಬುಕ್ಕು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದಳು.

ವಿಮಾನ ಕಂಪನಿಯ ಹೆಂಗಸು ಚುರುಕಾಗಿ ಮಾತಾಡಿದಳು. ಹೈದರಾಬಾದಿನ ತರಬೇತಿಯಲ್ಲಿ ಧನ್ಯಾ ಪಾಸಾಗಿದ್ದಾಳೆ, ಮೇ ತಿಂಗಳಿಂದ ಮುಂಬಯಿಯಲ್ಲಿ ಗಗನಸಖಿಯ ಕೆಲಸ. ಆದರೆ ಹೊಸಬರಿಗೆ ಮೊದಲ ಆರು ತಿಂಗಳು ಸ್ಟ್ಯಾಂಡ್‌ಬೈ ಹೆಚ್ಚು. ಅಂದರೆ ಯೂನಿಫಾರ್ಮ್ ಹಾಕಿಕೊಂಡು ಮನೆಯಲ್ಲಿ ಕೂತಿರಬೇಕು. ಯಾರಾದರೂ ಕಾಯಿಲೆ ಬಿದ್ದರೆ, ವಿಮಾನ ತಡವಾದರೆ ಕರೆ ಬರುತ್ತದೆ, ಬಂದ ಮೇಲೆ ನಲವತ್ತೈದು ನಿಮಿಷದೊಳಗೆ ದೇಶೀಯ ಟರ್ಮಿನಲ್ಲಿನ ಸಿಬ್ಬಂದಿ ಬಾಗಿಲಲ್ಲಿರಬೇಕು. ಹಾಗೆ ಬರಲಾಗುವಂಥ ವಿಳಾಸವೊಂದನ್ನು ಈ ತಿಂಗಳ ೨೮, ಶುಕ್ರವಾರದೊಳಗೆ ಕೊಡಬೇಕು. ಅಂದು ಸಂಜೆ ಕಂಪನಿಯ ಸಾರಿಗೆ ವಿಭಾಗದವರು ಕಾರು ತಂದು, ರಸ್ತೆ ತುಂಬ ವಾಹನ ಇರುವ ಹೊತ್ತಿನಲ್ಲೇ ಆ ವಿಳಾಸದಿಂದ ಟರ್ಮಿನಲ್ಲಿಗೆ ಎಷ್ಟು ಹೊತ್ತೆಂದು ಅಳೆಯುತ್ತಾರೆ.

"ನಲವತ್ತೈದು ಮೀರಿದರೆ?" ಎಂದು ಧನ್ಯಾ ಕೇಳಿದಳು.

ಹೆಸರು ಮುಂದಿನ ತಂಡಕ್ಕೆ ಹೋಗುತ್ತದೆ, ಮುಂದಿನ ತಂಡ ಯಾವಾಗ ಎಂದು ಹೇಳಲಾಗದು ಎಂಬ ಉತ್ತರ ಬಂತು. ಧನ್ಯಾ ನೋಟುಬುಕ್ಕಿನಲ್ಲಿ ೪೫ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಹೇಳಿದ್ದಕ್ಕೆ ತಾಯಿ ದುರ್ಗಿ ಸಾರಿನ ಸೌಟು ಎತ್ತಿ ಹಿಡಿದೇ ಕೇಳಿದಳು: "ವಿಮಾನದಲ್ಲಿ ಊಟ ಬಡಿಸೂ ಕೆಲ್ಸಕ್ಕೆ ಮನೆ ಎಲ್ಲಿದ್ರೆ ಇವ್ರಿಗೆ ಎಂತಾತೆ?"

ಅಪ್ಪ ವೆಂಕಟ್ರಮಣ ಮೂವತ್ತೊಂದು ವರ್ಷದಿಂದ ಆ ಹೊಳೆಯಲ್ಲಿ ಜನರನ್ನು ದಡದಿಂದ ದಡಕ್ಕೆ ದಾಟಿಸುವ ತಾರಿದೋಣಿ ನಡೆಸುವವನು. ಅವನಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು. "ಎಂತಾತು ಅಂದ್ರೆ? ಆಚೆ ದಡದಲ್ಲಿ ನಿಂತು ಕೂ ಹೊಡೂರು ಎಷ್ಟು ಹೊತ್ತು ನಿಂತಾರು? ತಾರಿಯವ ಕೂಗಿದ ಕೂಡ್ಲೆ ದೋಣಿ ತರ್ಬೇಕು. ಅವ್ರು ಕೇಳಿದ್ದು ಸಮ ಅದೆ."

"ಹಂಗಾರೆ ನಿಮ್ಮ ಮಗ್ಳೂ ತಾರಿಯವ್ಳೇ ಆದ್ಲು," ಎಂದು ದುರ್ಗಿ ಸೌಟನ್ನು ಪಾತ್ರೆಗೆ ಬಿಟ್ಟಳು.

ಮುಂಬಯಿಯಲ್ಲಿ ಮನೆ ಹುಡುಕಬೇಕೆಂದರೆ ಆ ಕಡೆಯವರು ಮೊದಲು ಮುಂಬಯಿಗೆ ಹೋಗುವುದಿಲ್ಲ. ಕುಮಟೆಗೆ ಹೋಗುತ್ತಾರೆ, ಭಟ್ಕಳಕ್ಕೆ ಹೋಗುತ್ತಾರೆ. ಯಾರ ಅಳಿಯ ಎಲ್ಲಿ, ಯಾರ ತಮ್ಮನ ಖೋಲಿ ಯಾವ ಸ್ಟೇಷನ್ನಿನ ಹತ್ತಿರ ಎಂಬುದು ಮುಂಬಯಿಯವರಿಗಿಂತ ಇಲ್ಲಿಯ ಜಗುಲಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಎರಡೇ ದಿನಗಳಲ್ಲಿ ಧನ್ಯಾಳಿಗೆ ಮೂರು ಮನೆಗಳ ಸುದ್ದಿ ಬಂತು. ಮೊದಲನೆಯದು ಕಾಯ್ಕಿಣಿಯ ಗಂಗಿ ಅತ್ತೆ ಹೇಳಿಕಳಿಸಿದ್ದು. ಅವಳ ಅಳಿಯನ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡುತ್ತಾರಂತೆ, ವಿಮಾನ ನಿಲ್ದಾಣ ಹತ್ತಿರವೇ ಅಂತೆ. ಮನೆ ಇದ್ದದ್ದು ಡೊಂಬಿವಲಿಯಲ್ಲಿ. ಅಲ್ಲಿಂದ ಒಂದೂವರೆ ಗಂಟೆ. ಕಾಯ್ಕಿಣಿಯಿಂದ ನೋಡಿದರೆ ಹತ್ತಿರವೇ.

ಎರಡನೆಯದು ಕುಮಟೆಯ ಮಾಲತಿ ಅಕ್ಕನ ಮೂಲಕ. ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಈ ಮಾಲತಿಯ ಮನೆಯ ಹಿಂಬದಿಯ ಕೋಣೆಯಲ್ಲಿದ್ದುಕೊಂಡೇ ಧನ್ಯಾ ಮೂರು ವರ್ಷ ಬಿ.ಎಸ್‌ಸಿ. ಓದಿದ್ದಳು. ಮಾಲತಿಯ ಮಗಳು ಹೇಮಾ ಎರಡು ವರ್ಷದಿಂದ ಇನ್ನೊಂದು ಕಂಪನಿಯಲ್ಲಿ ಗಗನಸಖಿ; ಮರೋಳದಲ್ಲಿ ತನ್ನಂಥವರೇ ಮೂವರ ಜೊತೆ ಎರಡು ಕೋಣೆಯ ಫ್ಲ್ಯಾಟು ಹಿಡಿದಿದ್ದಳು.

"ಒಬ್ಳು ಮದ್ವೆ ಆಗಿ ಹೋಗ್ತಾಳಂತೆ, ಒಂದು ಮಂಚ ಖಾಲಿ ಆಗ್ತದೆ," ಎಂದಳು ಮಾಲತಿ. "ಶನಿವಾರದೊಳಗೆ ಹೇಳಿಬಿಡೆ. ಹೇಮಾ ನನ್ನ ಮಗ್ಳೇ ಆದ್ರೂ ಮಂಚ ತಡೆದು ಇಟ್ಕೊಳ್ಳೂದಿಲ್ಲ. ಅಲ್ಲಿ ಮಂಚ ಖಾಲಿ ಅಂದ್ರೆ ಬಸ್ಸಿನ ಸೀಟಿದ್ದಂಗೆ, ಟವಲ್ ಹಾಕಿದವ್ರದು."

ಧನ್ಯಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಯಲ್ಲಿ ಮುಂಬಯಿಯ ನಕ್ಷೆ ಕೊಂಡು, ಮನೆಗೆ ಬಂದು ನೆಲದ ಮೇಲೆ ಹರಡಿ, ಹೊಲಿಗೆಯ ದಾರವನ್ನು ರಸ್ತೆಯ ಮೇಲೆ ತಿರುವು ತಿರುವಿಗೂ ಬೆರಳೊತ್ತಿ ಇಟ್ಟು, ಆಮೇಲೆ ಸ್ಕೇಲಿನಲ್ಲಿ ಅಳೆದಳು. ಮರೋಳದಿಂದ ಟರ್ಮಿನಲ್ಲಿಗೆ ಏಳು ಕಿಲೋಮೀಟರಿನ ಆಸುಪಾಸು. ಮುಂಬಯಿಯಲ್ಲಿ ಸಂಜೆ ಹೊತ್ತು ಏಳು ಕಿಲೋಮೀಟರಿಗೆ ಎಷ್ಟು ನಿಮಿಷ ಎನ್ನುವುದು ಅವಳಿಗೆ ತಿಳಿಯದು. ತಿಳಿಯದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಗುರುವಾರ ಅಪ್ಪ ಮಗಳು ಭಟ್ಕಳಕ್ಕೆ ಹೋದರು. ಅಲ್ಲಿ ಬಟ್ಟೆಯಂಗಡಿಯ ದಾಮುದಿ ಸಾಹೇಬರು ವೆಂಕಟ್ರಮಣನಿಗೆ ಹಳೆಯ ಪರಿಚಯ. ಅವರ ತಂದೆ ಹೊನ್ನಾವರದಿಂದ ತೆಂಗಿನಕಾಯಿ ಹೇರಿಸುತ್ತಿದ್ದ ಕಾಲದಿಂದ ಬಂದದ್ದು. ಸಾಹೇಬರ ತಮ್ಮ ದುಬೈಯಲ್ಲಿದ್ದ. ಅವನ ಫ್ಲ್ಯಾಟು ಕುರ್ಲಾದಲ್ಲಿ, ಮೂರನೇ ಮಾಳಿಗೆ, ಖಾಲಿ ಬಿದ್ದಿತ್ತು.

"ನಿಮ್ಮ ಮಗಳು ಅಂದ್ರೆ ನಮ್ಮನೆ ಮಗಳು, ವೆಂಕಟ್ರಮಣ. ಅವಳ ಜೊತೆ ಇನ್ನಿಬ್ಬರು ಹುಡುಗಿಯರನ್ನ ಸೇರಿಸ್ಕೊಳ್ಳಲಿ, ನಂದೇನೂ ಅಡ್ಡಿ ಇಲ್ಲ," ಎಂದ ಸಾಹೇಬರು ಚಹಾ ತರಿಸಿ, ಕನ್ನಡಕ ಏರಿಸಿ, ಧನ್ಯಾ ತಂದ ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲಿ. ಕಿಟಕಿ ತೆಗೆದ್ರೆ ವಿಮಾನ ಕಾಣ್ತದೆ. ಆದ್ರೂ ಒಮ್ಮೆ ಹೋಗಿ ನೋಡಿ, ಆಮೇಲೆ ಹೇಳಿ."

ಧನ್ಯಾ ಬಾಗಿ ನೋಡಿದಳು. ಸಾಹೇಬರ ಬೆರಳಿನ ಪಕ್ಕದಲ್ಲಿ ತೆಳ್ಳನೆಯ ನೀಲಿ ಗೆರೆ, ಮಿಠಿ ನದಿ. ಅದರ ಆಚೆ ದಡಕ್ಕೆ ತಾಗಿಕೊಂಡೇ ವಿಮಾನ ನಿಲ್ದಾಣದ ಬೂದು ಬಣ್ಣ. ಸ್ಕೇಲು ಇಟ್ಟಳು. ಮನೆಯಿಂದ ನದಿಗೆ ಇನ್ನೂರು ಮೀಟರು. ನದಿಯ ಅಗಲ ಅರವತ್ತು ಮೀಟರಿನ ಒಳಗೆ.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಂದ ಮೇಲೆ ವೆಂಕಟ್ರಮಣನಿಗೆ ನಗು ತಡೆಯಲಾಗಲಿಲ್ಲ. "ಇಷ್ಟೇಯನೆ ಹೊಳೆ? ಹತ್ತು ಹುಟ್ಟು ಹಾಕಿರೆ ಆಚೆ ದಡ!"

"ತಾರಿಗೆ ಕಾಯೂದು ಐದು ನಿಮಿಷ ಹಿಡಿ, ದಾಟೂದು ಎರಡು, ನಡಿಯೂದು ಹತ್ತು," ಎಂದು ಧನ್ಯಾ ಬೆರಳು ಮಡಚಿದಳು. "ಸುಮಾರು ಇಪ್ಪತ್ತು. ಟ್ರಾಫಿಕ್ಕೇ ಇಲ್ಲ."

ಅಲ್ಲಿ ತಾರಿ ಇದೆಯೇ ಎಂದು ಸಾಹೇಬರನ್ನು ಅವರು ಕೇಳಲೇ ಇಲ್ಲ. ಕೇಳಬೇಕೆಂದು ಇಬ್ಬರಿಗೂ ಅನಿಸಲಿಲ್ಲ. ಹೊಳೆಯ ಈಚೆ ದಡದಲ್ಲಿ ಲಕ್ಷ ಜನ, ಆಚೆ ದಡದಲ್ಲಿ ಲಕ್ಷ ಜನ. ನಡುವೆ ಒಂದು ದೋಣಿ ಓಡುವುದಿಲ್ಲ ಎಂಬುದು ಶರಾವತಿಯ ಬಾಯಲ್ಲಿ ಹುಟ್ಟಿ ಬೆಳೆದವರ ಊಹೆಗೆ ಬರುವ ಸಂಗತಿಯೇ ಅಲ್ಲ. ಮನೆಗೆ ದಾರಿ ಇದೆಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಶನಿವಾರ ಬೆಳಿಗ್ಗೆ ಧನ್ಯಾ ಕುಮಟೆಗೆ ಫೋನು ಮಾಡಿ ಮರೋಳದ ಮಂಚ ಬೇಡವೆಂದಳು. ತನ್ನ ಅಳತೆಯನ್ನೂ ವಿವರಿಸಿದಳು. ಮಾಲತಿ, "ದೋಣಿ ಮೇಲೆ ಏರ್‌ಪೋರ್ಟಿಗೆ ಹೋಗೂರನ್ನ ನಾ ಕೇಳ್ಲಿಲ್ಲೆ ಮಾರಾಯ್ತಿ. ಆದ್ರೆ ನೀ ಲೆಕ್ಕದಲ್ಲಿ ಹುಷಾರಿ, ಇರ್ಲಿ," ಎಂದಳು.

ಮಂಗಳವಾರ ಸಂಜೆಯ ರೈಲು ಹತ್ತಿ ಅಪ್ಪ ಮಗಳು ಬುಧವಾರ ಬೆಳಿಗ್ಗೆ ಕುರ್ಲಾದಲ್ಲಿ ಇಳಿದರು. ಎಂಟು ಗಂಟೆಗೆ ದಾಮುದಿ ಸಾಹೇಬರ ತಮ್ಮನ ಫ್ಲ್ಯಾಟಿನ ಬೀಗ ತೆಗೆದಾಯಿತು. ಮನೆ ಚೆನ್ನಾಗಿತ್ತು. ಸಾಹೇಬರು ಹೇಳಿದ್ದು ಅಕ್ಷರಶಃ ನಿಜ. ಕಿಟಕಿ ತೆಗೆದರೆ ವಿಮಾನ ಕಾಣುತ್ತಿತ್ತು. ಅದರ ಬಾಲದ ಮೇಲಿನ ಅಕ್ಷರ ಕೂಡ ಓದಲಾಗುತ್ತಿತ್ತು. ವಿಮಾನಕ್ಕೂ ಕಿಟಕಿಗೂ ನಡುವೆ ಮುಳ್ಳುತಂತಿಯ ಎತ್ತರದ ಗೋಡೆ. ಗೋಡೆಯ ಬುಡದಲ್ಲಿ ಕಪ್ಪು ನೀರು.

ವೆಂಕಟ್ರಮಣ ಕಿಟಕಿಯಿಂದ ಕತ್ತು ಹೊರಹಾಕಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ತಾರಿಕಟ್ಟೆ ಎಲ್ಲದೆ ಇವ್ರದು?"

ಕೆಳಗಿನ ಕಾವಲುಗಾರನನ್ನು ಧನ್ಯಾ ಹಿಂದಿಯಲ್ಲಿ ಕೇಳಿದಳು. ಅವನು ಮೊದಲು ಪ್ರಶ್ನೆಯನ್ನು ಎರಡು ಸಲ ಹೇಳಿಸಿದ, ಆಮೇಲೆ ಕುರ್ಚಿಯಿಂದ ಎದ್ದು ನಕ್ಕ. ಈ ನಾಲೆಯಲ್ಲಿ ದೋಣಿಯೇ? ಹೋದ ವರ್ಷ ಜುಲೈಯಲ್ಲಿ ನೆರೆ ಬಂದಾಗ ಮಾತ್ರ ದೋಣಿ ಕಂಡದ್ದು, ಅದೂ ರಸ್ತೆಯ ಮೇಲೆ. ಆಚೆ ದಡದಲ್ಲಿ ಗೇಟೇ ಇಲ್ಲ, ಬಂದೂಕಿನವರು ನಿಂತಿರುತ್ತಾರೆ. ಟರ್ಮಿನಲ್ಲು ಇರುವುದು ರನ್‌ವೇಯ ಆ ತುದಿಗೆ; ಸುತ್ತಿಕೊಂಡು ಹೋಗಬೇಕು.

ವೆಂಕಟ್ರಮಣನಿಗೆ ಕಾವಲುಗಾರ ನಕ್ಕದ್ದಕ್ಕಿಂತ ಅದನ್ನು ನಾಲೆ ಎಂದದ್ದು ಸರಿ ಬರಲಿಲ್ಲ. ದಡಕ್ಕೆ ಹೋಗಿ, ಮೂಗಿಗೆ ಪಂಚೆಯ ತುದಿ ಹಿಡಿದು, ಕಸದ ನಡುವೆ ಒಂದು ಕಡ್ಡಿ ಎಸೆದು ನೋಡಿದ. ಕಡ್ಡಿ ಸಮುದ್ರದ ಉಬ್ಬರಕ್ಕೆ ಮೇಲ್ಗಡೆಗೆ, ಹರಿವಿಗೆ ಎದುರಾಗಿ ಮೆಲ್ಲಗೆ ಸರಿಯಿತು. "ಭರತ ಏರ್ತಾ ಅದೆ, ಕಂಡ್ಯ? ಹೊಳೆ ಹೌದು ಇದು. ಜನ ಇದ್ನ ಬಿಟ್ಟಿರು ಅಷ್ಟೆ."

ಒಂಬತ್ತೂ ಹತ್ತಕ್ಕೆ ಧನ್ಯಾ ಅಪ್ಪನನ್ನು ಕೂರಿಸಿಕೊಂಡು ರಿಕ್ಷಾ ಹತ್ತಿ, ಗಡಿಯಾರ ನೋಡಿಕೊಂಡು ಟರ್ಮಿನಲ್ಲಿಗೆ ಹೊರಟಳು. ತಲುಪಿದಾಗ ಹತ್ತೂ ಇಪ್ಪತ್ತೆರಡು. ಎಪ್ಪತ್ತೆರಡು ನಿಮಿಷ.

ರಿಕ್ಷಾದ ಹಿಂದಿನ ಸೀಟಿನಲ್ಲಿ ಆ ಎಪ್ಪತ್ತೆರಡು ನಿಮಿಷವೂ ಅವಳು ತನ್ನ ತಪ್ಪನ್ನು ತಿರುವಿ ತಿರುವಿ ನೋಡಿದ್ದಳು. ಅಳತೆಯಲ್ಲಿ ತಪ್ಪಿರಲಿಲ್ಲ. ಇನ್ನೂರು ಮೀಟರು ಇನ್ನೂರೇ ಇತ್ತು, ಅರವತ್ತು ಅರವತ್ತರೊಳಗೇ ಇತ್ತು. ಅಳೆದದ್ದು ಮಾತ್ರ ಬೇರೆ ವಸ್ತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನು ಮಿಲಿಮೀಟರಿನವರೆಗೆ ಅಳೆದು, ಗುಂಡಿನ ಮಧ್ಯದ ಬದಲು ಕೊಂಡಿಯವರೆಗೆ ಹಿಡಿದು ಇಡೀ ತರಗತಿ ತಪ್ಪು ಉತ್ತರ ಬರೆದ ದಿನವೊಂದಿತ್ತು. ಅವತ್ತು ಮೇಷ್ಟ್ರು ಬೈಯಲಿಲ್ಲ; ಇನ್ನೊಮ್ಮೆ ಮಾಡಿ ಎಂದಿದ್ದರು. ಶುಕ್ರವಾರ ಸಂಜೆಯವರೆಗೆ ಎರಡು ದಿನ ಪೂರ್ತಿ ಇದೆ. ಇನ್ನೊಮ್ಮೆ ಮಾಡುವುದಕ್ಕೆ ಅಷ್ಟು ಸಾಕು ಎನಿಸಿತು.

ಟರ್ಮಿನಲ್ಲಿನ ಎದುರು ನಿಂತೇ ದಾಮುದಿ ಸಾಹೇಬರಿಗೆ ಫೋನು ಮಾಡಿ ವಿಷಯ ಹೇಳಿದಳು. ಅವರು ಗಟ್ಟಿಯಾಗಿ ನಕ್ಕರು. "ಅಲ್ಲ ಮಗಳೆ, ನೀವು ದೋಣಿಯಲ್ಲಿ ಹೋಗ್ತೀರಂತ ನಾನು ಎಲ್ಲಿ ಗ್ರಹಿಸೂದು! ಮನೆ ಬಿಡುವಾಗ ಬೀಗದ ಕೈ ಕಾವಲುಗಾರನಿಗೆ ಕೊಡು. ಬೇರೆ ಕಡೆ ಸಿಗುವವರೆಗೆ ಇರೂದಾದ್ರೆ ಅಲ್ಲೇ ಇರಿ." ಆ ರಾತ್ರಿಯ ಚಿಂತೆ ಅಷ್ಟಕ್ಕೆ ಮುಗಿಯಿತು.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಬ್ಬರೂ ಮರೋಳದ ಫ್ಲ್ಯಾಟಿನ ಕರೆಗಂಟೆ ಒತ್ತಿದರು. ಬಾಗಿಲು ತೆಗೆದ ಹೇಮಾ ತಲೆಗೆ ಎಣ್ಣೆ ಹಚ್ಚಿಕೊಂಡು ಹಳೆಯ ನೈಟಿಯಲ್ಲಿದ್ದಳು.

"ಓಹೋ, ಬನ್ನಿ ಬನ್ನಿ. ದೋಣಿ ಸಿಕ್ತನೆ?"

"ಸಿಗ್ಲಿಲ್ಲ ಹೇಮಕ್ಕ."

"ಅಮ್ಮ ಫೋನಲ್ಲಿ ಹೇಳಿ ಹೇಳಿ ನಗಾಡ್ತು. ಏಳು ಕಿಲೋಮೀಟರು ಅಂತ ನಮ್ಮನೆ ಬೇಡ ಅಂದ್ಯಂತೆ. ದಾರ ಇಟ್ಟು ಅಳೆದ್ಯಂತೆ!" ಹೇಮಾ ನಗುತ್ತಲೇ ಹೇಳಿದರೂ ಮಾತಿನ ಅಂಚು ಹರಿತವಿತ್ತು. "ಆ ಮಂಚ ಭಾನುವಾರವೇ ಹೋತು. ನಾಗಪುರದ ಹುಡುಗಿ ಬಂದಾಗದೆ. ಚಹಾ ಕುಡೀರಿ, ಊಟ ಮಾಡಿ. ಮಂಚ ಮಾತ್ರ ಕೇಳ್ಬೇಡ, ನಾಲ್ಕಕ್ಕೆ ನಾಲ್ಕು ಜನ ಅದೆ."

"ನಂದೇ ತಪ್ಪು," ಎಂದಳು ಧನ್ಯಾ. ಬೇರೆ ಸಮಜಾಯಿಷಿ ಹೇಳಲಿಲ್ಲ. ಹೇಮಾಳ ಮುಖ ಅದರಿಂದ ಒಂದಿಷ್ಟು ಸಡಿಲವಾಯಿತು.

ವೆಂಕಟ್ರಮಣ ಚಹಾದ ಲೋಟ ಹಿಡಿದು ಕೂತಲ್ಲಿಂದಲೇ ಒಳಗೆ ನೋಡಿದ. ಎರಡೂ ಕೋಣೆಯ ಬಾಗಿಲು ತೆರೆದಿತ್ತು. ನಾಲ್ಕು ಮಂಚ. ಒಂದರ ಮೇಲೆ ಯಾರೋ ಮುಸುಕೆಳೆದು ಮಲಗಿದ್ದರು. ಮೂರರ ಮೇಲೆ ಚಾದರ ಮಡಿಕೆ ಮುರಿಯದೆ ಹಾಸಿತ್ತು. "ಉಳಿದವ್ರು ಎಲ್ಲಿಗೆ ಹೋಗಿರು?"

"ಒಬ್ಳು ಕಲ್ಕತ್ತೆಯಲ್ಲಿ ನಿನ್ನೆಯಿಂದ. ಒಬ್ಳು ದೆಲ್ಲಿಗೆ ಹೋದವ್ಳು ನಾಳೆ ಬತ್ತಾಳೆ. ನಾನು ಈಗ ಎರಡಕ್ಕೆ ಹೊರಟ್ರೆ ಶನಿವಾರವೇ."

"ಹಂಗಾರೆ ದೋಣಿ ಖಾಲಿ ನಿಂತದೆ ಅನ್ನು," ಎಂದ ವೆಂಕಟ್ರಮಣ. "ನಮ್ಮಲ್ಲಿ ತಾರಿಗೆ ಐದು ಮನೆಯವ್ರು, ಇರೂದು ಎರಡೇ ದೋಣಿ. ಪಾಳಿ ಮೇಲೆ ನಡೀತದೆ. ಮೂರನೇ ದೋಣಿ ಬೇಕು ಅಂತ ಯಾರೂ ಹೇಳ್ಲಿಲ್ಲ ಇಷ್ಟು ವರ್ಷದಲ್ಲಿ."

"ದೋಣಿಗೂ ಮಂಚಕ್ಕೂ ಎಂತ ಸಂಬಂಧ ಮಾಮ?"

ಧನ್ಯಾ ಮಾತ್ರ ಲೋಟ ಕೆಳಗಿಟ್ಟು ಎದ್ದಿದ್ದಳು. ಫ್ರಿಜ್ಜಿನ ಬಾಗಿಲ ಮೇಲೆ ಅಯಸ್ಕಾಂತದ ಗುಂಡಿಗಳಿಂದ ನಾಲ್ಕು ಹಾಳೆ ಅಂಟಿಸಿತ್ತು. ಯಾರು ಯಾವ ದಿನ ಯಾವ ವಿಮಾನದಲ್ಲಿ, ಎಲ್ಲಿ ರಾತ್ರಿ ತಂಗುವುದು ಎಂಬ ತಿಂಗಳ ಪಟ್ಟಿ, ರೋಸ್ಟರು. "ಹೇಮಕ್ಕ, ಮಾರ್ಚಿನದು ಅದೆಯ?"

"ಹಿಂದೆ ನೋಡು, ನಾವು ಒಂದರ ಮೇಲೊಂದು ಸಿಕ್ಕಿಸ್ತೇವೆ. ಮದ್ವೆಯಾಗಿ ಹೋದವ್ಳದೂ ಅಲ್ಲೇ ಅದೆ. ಎಂತಕ್ಕೆ?"

ನೋಟುಬುಕ್ಕಿನಲ್ಲಿ ಉಳಿದಿದ್ದ ಗ್ರಾಫ್ ಹಾಳೆ ಬಿಡಿಸಿ ಧನ್ಯಾ ನೆಲಕ್ಕೆ ಕೂತಳು. ಅಡ್ಡಕ್ಕೆ ರಾತ್ರಿಗಳು, ಮಾರ್ಚ್ ಮತ್ತು ಏಪ್ರಿಲ್ ಸೇರಿ ಅರವತ್ತೊಂದು. ಉದ್ದಕ್ಕೆ ನಾಲ್ಕು ಮಂಚ. ಏಪ್ರಿಲಿನ ಕೊನೆಯ ನಾಲ್ಕು ರಾತ್ರಿ ಇನ್ನೂ ಬಂದಿರದಿದ್ದರೂ ಪಟ್ಟಿ ಸಿದ್ಧವಿತ್ತು. ನಾಗಪುರದ ಹುಡುಗಿ ಬಂದದ್ದು ಭಾನುವಾರ. ಅದಕ್ಕೆ ಮುಂಚಿನ ರಾತ್ರಿಗಳಿಗೆ ಮದುವೆಯಾಗಿ ಹೋದವಳ ಪಟ್ಟಿ ಹಿಡಿದಳು. ಮನೆಯಲ್ಲಿ ಮಲಗಿದ ರಾತ್ರಿಗೆ ಪೆನ್ಸಿಲಿನಿಂದ ಚೌಕ ತುಂಬಿದಳು, ಹೊರಗಿದ್ದ ರಾತ್ರಿಗೆ ಬಿಳಿ ಬಿಟ್ಟಳು. ಹೇಮಾ ಸ್ನಾನ ಮುಗಿಸಿ, ಸೀರೆಗೆ ಪಿನ್ನು ಹಾಕಿಕೊಳ್ಳುತ್ತ ಬಂದು ನಿಂತಾಗ ಹಾಳೆ ತುಂಬಿತ್ತು. ಹಾಳೆಯಲ್ಲಿ ಕಪ್ಪಿಗಿಂತ ಬಿಳಿಯೇ ಎದ್ದು ಕಾಣುತ್ತಿತ್ತು.

"ನಾಲ್ಕೂ ಜನ ಒಟ್ಟಿಗೆ ಮನೆಯಲ್ಲಿ ಮಲಗಿದ್ದು ಐದು ರಾತ್ರಿ," ಎಂದಳು ಧನ್ಯಾ. "ಅರವತ್ತೊಂದರಲ್ಲಿ ಐದು."

"ಸುಳ್ಳು! ಇಷ್ಟು ಗಲಾಟೆ ಇರ್ತದೆ ಮನೆಯಲ್ಲಿ."

"ಎಣಿಸಿ ನೋಡು. ನಂದು ಸ್ಟ್ಯಾಂಡ್‌ಬೈ, ಒಂದು ರಾತ್ರಿಯೂ ಹೊರಗೆ ಹೋಗೂದಿಲ್ಲ ಅಂತಲೇ ಹಿಡಿ. ಆದ್ರೂ ಮಂಚ ಸಾಲದೆ ಬರೂದು ಆ ಐದೇ ರಾತ್ರಿ. ಅವತ್ತು ನಾನು ಹಾಲ್‌ನಲ್ಲಿ ನೆಲಕ್ಕೆ ಮಲಗ್ತೆ. ನಂಗೆ ನೆಲ ಹೊಸದಲ್ಲ."

ಹೇಮಾ ಬಗ್ಗಿ, ಬೆರಳಿಟ್ಟು, ತುಟಿಯಲ್ಲೇ ಎಣಿಸಿದಳು. ಎರಡನೇ ಸಲವೂ ಎಣಿಸಿದಳು. ಆಗ ಮುಸುಕು ಸರಿದು, ನಾಗಪುರದ ಹುಡುಗಿ ಕಣ್ಣುಜ್ಜಿಕೊಂಡು ಹೊರಗೆ ಬಂದಳು. ವಿಷಯ ತಿಳಿದದ್ದೇ ಅವಳ ನಿದ್ದೆ ಹಾರಿಹೋಯಿತು. ಇನ್ನೊಬ್ಬರು ಮಲಗೆದ್ದ ಬಿಸಿ ಹಾಸಿಗೆಯಲ್ಲಿ ತಾನು ಮಲಗುವವಳಲ್ಲ, ತಾನು ಬಂದದ್ದು ಸ್ವಂತ ಮಂಚವೆಂದು, ಛತ್ರಕ್ಕೆ ಬಂದಿಲ್ಲ ಎಂದು ಹಿಂದಿಯಲ್ಲಿ ಸರಿಯಾಗಿಯೇ ದಬಾಯಿಸಿದಳು.

ಅವಳ ಮಾತು ನ್ಯಾಯವಾದದ್ದೆಂದು ಧನ್ಯಾಳಿಗೂ ಅನಿಸಿತು. ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. ವೆಂಕಟ್ರಮಣ ತಲೆಯಾಡಿಸಿದ: "ಸಮ ಹೇಳ್ತು ಹುಡುಗಿ. ನಮ್ಮಲ್ಲೂ ದೋಣಿ ಎಲ್ಲರದ್ದಾದ್ರೂ ಹುಟ್ಟು ಯಾರೂ ಯಾರಿಗೂ ಕೊಡೂದಿಲ್ಲ. ಪಾಳಿ ಮುಗಿತೋ, ಹುಟ್ಟು ಹೆಗಲಿಗೆ ಹಾಕ್ಕೊಂಡು ಮನೆಗೆ. ಬೇರೆಯವನ ಕೈಗೆ ಸವೆದ ಹುಟ್ಟು ನಂಗೆ ಬಗ್ಗೂದಿಲ್ಲ."

ಧನ್ಯಾ ಅದನ್ನೇ ಮಂಚದ ಭಾಷೆಗೆ ತಿರುಗಿಸಿ ಹೇಳಿದಳು. ಹಾಸಿಗೆ, ಚಾದರ, ದಿಂಬು ಅವರವರದೇ. ಹೊರಡುವಾಗ ಸುರುಳಿ ಸುತ್ತಿ ಗೋಡೆಗೆ ಆನಿಸಿ ಹೋಗುವುದು. ಮಂಚದ ಹಲಗೆ ಮಾತ್ರ ಬಿಟ್ಟುಕೊಡುವುದು. ಯಾರೂ ಯಾರ ಬಟ್ಟೆಯ ಮೇಲೂ ಮಲಗುವುದಿಲ್ಲ. ಮಂಚದ ಒಡತಿ ಯಾವ ಹೊತ್ತಿಗೆ ಮರಳಿದರೂ ಮಂಚ ಅವಳದ್ದೇ, ಏಳಬೇಕಾದವಳು ಧನ್ಯಾ. ಇನ್ನೊಂದು ಮಾತನ್ನೂ ಅವಳೇ ಸೇರಿಸಿದಳು: ಒಂದು ತಿಂಗಳು ನಡೆಸಿ ನೋಡೋಣ. ಸರಿಬರದಿದ್ದರೆ ತಾನೇ ಬೇರೆ ಕಡೆ ಹುಡುಕಿಕೊಳ್ಳುತ್ತೇನೆ, ಹುಡುಕುವುದನ್ನು ಈಗ ಕಲಿತಾಗಿದೆ.

ನಾಗಪುರದವಳು ಗ್ರಾಫ್ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು. ಮೇ ತಿಂಗಳ ಅವಳ ರೋಸ್ಟರೂ ಬಂದಿತ್ತು. ಅದನ್ನು ತಂದು ಎದುರಿಗಿಟ್ಟು, ತನ್ನ ಮಂಚ ಎಷ್ಟು ರಾತ್ರಿ ಖಾಲಿಯೆಂದು ಎಣಿಸಿದಳು. ಹದಿನೇಳು. ಹದಿನೇಳು ರಾತ್ರಿ ಖಾಲಿ ಹಲಗೆಗೆ ಬಾಡಿಗೆ ಕೊಡುವುದಕ್ಕಿಂತ ಐವರು ಹಂಚಿಕೊಂಡು ಪಾಲು ಕಡಿಮೆಯಾಗುವುದು ಒಳ್ಳೆಯದೇ ಎಂದು ಅವಳ ಮುಖವೇ ಹೇಳಿತು. "ಹಾಸಿಗೆ ಮುಟ್ಟಬಾರದು," ಎಂದು ಬೆರಳೆತ್ತಿದಳು. ಅವಳ ಒಪ್ಪಿಗೆ ಅಷ್ಟೇ. ದೂರದಲ್ಲಿದ್ದ ಇಬ್ಬರನ್ನು ಹೇಮಾ ಫೋನಿನಲ್ಲೇ ಕೇಳಿದಳು. ಕಲ್ಕತ್ತೆಯವಳು ನಗುತ್ತ ಆಯಿತೆಂದಳು. ದೆಲ್ಲಿಯವಳು ಬಚ್ಚಲಿಗೆ ಯಾರು ಮೊದಲು ಎಂಬುದೊಂದನ್ನೇ ಕೇಳಿದಳು.

"ಕಟ್ಟಡದ ಸೊಸೈಟಿಯವ್ರಿಗೆ ಐದನೇ ಹೆಸರು ಬರೆಸಿ ಕೊಡ್ಬೇಕು," ಎಂದು ಹೇಮಾ ಕೈಚೀಲ ಹೆಗಲಿಗೇರಿಸಿದಳು. "ಕಾರ್ಯದರ್ಶಿಗೆ ಹೆಸರಿನ ಚಿಂತೆ ಇಲ್ಲ, ಟಾಂಕಿಯ ನೀರಿನ ಚಿಂತೆ. ಅವ್ನಿಗೂ ನಿನ್ನ ಚೌಕದ ಹಾಳೆ ತೋರ್ಸು. ಅದೆಲ್ಲ ಇರ್ಲಿ ಧನ್ಯಾ, ಇಲ್ಲಿಂದ ನಲವತ್ತೈದು ನಿಮಿಷದಲ್ಲಿ ಆಗ್ತದೆ ಅಂತ ನಿಂಗೆ ಯಾರು ಹೇಳಿರು? ನಮ್ಮ ಕಂಪನಿಯವ್ರು ಒಂದು ಗಂಟೆ ಕೊಡ್ತರು. ನಾ ಯಾವತ್ತೂ ಅಳೀಲಿಲ್ಲ."

"ನಾನು ಇವತ್ತು ಅಳೀತೆ."

ಹೇಮಾ ಹೊರಟುಹೋದ ಮೇಲೆ ಧನ್ಯಾ ಕಾರ್ಯದರ್ಶಿಯ ಮನೆಗೆ ಹೋಗಿ ಹೆಸರು ಬರೆಸಿ, ಅವನ ಸಹಿ ಇದ್ದ ಚೀಟಿ ಪಡೆದು, ಕಂಪನಿಗೆ ವಿಳಾಸ ಕೊಟ್ಟಳು. ಸಂಜೆ ಐದೂವರೆಗೆ ಅಪ್ಪನ ಜೊತೆ ರಸ್ತೆಗಿಳಿದಳು. ಈ ಸಲ ದಾರವಿರಲಿಲ್ಲ, ಸ್ಕೇಲಿರಲಿಲ್ಲ. ಮರೋಳ್ ನಾಕಾದಿಂದ ಹೆದ್ದಾರಿಯವರೆಗೆ ನಡೆದೇ ಹೋದರು. ಪ್ರತಿಯೊಂದು ಸಿಗ್ನಲಿನಲ್ಲಿ ನಿಂತು ಕೆಂಪು ದೀಪ ಎಷ್ಟು ಸೆಕೆಂಡು, ಹಸಿರು ಎಷ್ಟು, ಒಂದು ಹಸಿರಿಗೆ ಎಷ್ಟು ಕಾರು ದಾಟುತ್ತವೆ ಎಂದು ಬರೆದಳು. ಚಕಾಲಾದಲ್ಲಿ ಕೆಂಪು ನೂರಾನಲವತ್ತು ಸೆಕೆಂಡು. ಸಾಲಿನ ಕೊನೆಯ ಕಾರಿಗೆ ಎರಡು ಹಸಿರು ತಪ್ಪುತ್ತಿತ್ತು, ಮೂರನೆಯದಕ್ಕೆ ದಾಟುತ್ತಿತ್ತು. ವೆಂಕಟ್ರಮಣ ಬಸ್ಸಿನ ಹೊಗೆಗೆ ಕೆಮ್ಮುತ್ತ ಸಾಲು ನೋಡುತ್ತಿದ್ದ. "ಇದಕ್ಕೂ ಭರತ ಇಳಿತ ಅದೆ ಕಾಣ್ತದೆ," ಎಂದ. ಧನ್ಯಾ ಹೆದ್ದಾರಿಯ ಮೇಲಿನ ಹೊತ್ತನ್ನೂ ಸೇರಿಸಿ ಎಲ್ಲ ಕೂಡಿಸಿದಳು. ಕೆಟ್ಟ ದಿನಕ್ಕೆ ನಲವತ್ತೆರಡು, ಸಾಧಾರಣ ದಿನಕ್ಕೆ ಮೂವತ್ತೇಳು. ಉಳಿಯುವುದು ಕಡಿಮೆಯೆಂದರೆ ಮೂರು ನಿಮಿಷ. ಮೂರು ನಿಮಿಷ ಕಡಿಮೆಯೇ; ಆದರೆ ಈ ಸಲ ಅಳೆದದ್ದು ಸರಿಯಾದ ವಸ್ತುವನ್ನು ಎಂದು ಅವಳಿಗೆ ಖಾತ್ರಿಯಿತ್ತು.

ಶುಕ್ರವಾರ ಸಂಜೆ ಆರು ಗಂಟೆಗೆ ಐದು ನಿಮಿಷ ಇರುವಾಗ ಕಂಪನಿಯ ಕಾರು ಕಟ್ಟಡದ ಕೆಳಗೆ ಬಂತು. ಸಾರಿಗೆ ವಿಭಾಗದ ಮೇಲ್ವಿಚಾರಕ ಬಿಳಿ ಅಂಗಿಯ ಗಂಭೀರ ಮನುಷ್ಯ. ಕೈಯಲ್ಲಿ ಫಾರಮ್ಮು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು. ನಿಯಮದ ಪ್ರಕಾರ ದಾರಿಯನ್ನು ಚಾಲಕನೇ ಆರಿಸುವುದು, ಅಭ್ಯರ್ಥಿ ಏನೂ ಹೇಳಬಾರದು, ಮನೆಯವರು ಕಾರು ಹತ್ತಬಾರದು ಎಂದು ಓದಿ ಹೇಳಿದ. ಧನ್ಯಾ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಹಿಂದಿನ ಸೀಟಿನಲ್ಲಿ ಕೂತಳು.

ವೆಂಕಟ್ರಮಣ ಕಾರಿನ ಕಿಟಕಿಗೆ ಬಗ್ಗಿದ. "ಹೋಗ್ಬಾ ತಂಗಿ. ಎಷ್ಟಾಗ್ತದೆ?"

"ನಲವತ್ತೆರಡರ ಒಳಗೆ, ಅಪ್ಪ."

"ಆತು ಹಂಗಾರೆ."

ಆರು ಗಂಟೆ ಎರಡು ನಿಮಿಷಕ್ಕೆ ಮೇಲ್ವಿಚಾರಕ ಗುಂಡಿ ಒತ್ತಿದ. ಮರೋಳ್ ನಾಕಾದಲ್ಲಿ ಒಂದು ಟೆಂಪೋ ಅಡ್ಡ ನಿಂತು ಚಾಲಕ ಬೈದಾಡಿದ. ಅಲ್ಲಿ ನಾಲ್ಕು ನಿಮಿಷ ಹೋಯಿತು. ಮೇಲ್ವಿಚಾರಕ ತಿರುಗಿ ಧನ್ಯಾಳ ಮುಖ ನೋಡಿದ. ಅವಳು ಮುಂದಿನ ಕಾರುಗಳನ್ನು ಎಣಿಸುತ್ತಿದ್ದಳು. ಚಕಾಲಾದಲ್ಲಿ ಸಾಲು ಉದ್ದವಿತ್ತು, ನಿನ್ನೆಗಿಂತ ಉದ್ದ. ಮೊದಲ ಹಸಿರು ತಪ್ಪಿತು. ಎರಡನೆಯದೂ ತಪ್ಪಿತು. ಎಡಗಡೆ ಬೈಕುಗಳು ನುಗ್ಗಿದವು, ಹಿಂದಿನಿಂದ ಹಾರ್ನು. ತಮ್ಮ ಮುಂದೆ ಇಪ್ಪತ್ತಾರು ಕಾರು. ಒಂದು ಹಸಿರಿಗೆ ದಾಟುವುದು ಮೂವತ್ತು. ಈ ಸಲ ದಾಟುತ್ತೇವೆ ಎಂದುಕೊಂಡಳು. ದಾಟಿದರು. ಹೆದ್ದಾರಿಗೆ ಏರಿದ ಮೇಲೆ ಚಾಲಕ ಮೊದಲ ಸಲ ನಾಲ್ಕನೇ ಗೇರಿಗೆ ಹಾಕಿದ. ಬಲಗಡೆ ಸೂರ್ಯ ಕಟ್ಟಡಗಳ ಸಾಲಿನ ಮೇಲಿದ್ದ, ತಲೆಯ ಮೇಲೆ ಒಂದು ವಿಮಾನ ಚಕ್ರ ಬಿಚ್ಚಿಕೊಂಡು ಇಳಿಯಿತು.

ಟರ್ಮಿನಲ್ಲಿನ ಸಿಬ್ಬಂದಿ ಬಾಗಿಲ ಎದುರು ಕಾರು ನಿಂತಿತು. ಧನ್ಯಾ ಇಳಿದು, ಬಾಗಿಲಿನ ಹಳದಿ ಗೆರೆ ದಾಟಿ, ಎರಡೂ ಪಾದ ಜೋಡಿಸಿ ನಿಂತಳು. ಮೇಲ್ವಿಚಾರಕ ಗುಂಡಿ ಒತ್ತಿ, ಗಡಿಯಾರವನ್ನು ಬೆಳಕಿಗೆ ಹಿಡಿದು ಓದಿ, ಫಾರಮ್ಮಿನ ಖಾಲಿ ಚೌಕದಲ್ಲಿ ಬರೆದು ಸಹಿ ಹಾಕಿದ. ಕೆಳಗೆ ಅವಳ ಸಹಿಗಾಗಿ ಫಾರಮ್ಮನ್ನು ಚಾಚಿದ.

ನಲವತ್ತೊಂದು ನಿಮಿಷ, ಇಪ್ಪತ್ತು ಸೆಕೆಂಡು.